ಮೂರು ಕಿಟಕಿಗಳು ಮತ್ತು ನಿಮ್ಮ ಹಿಂಬರಹ

ನಮ್ಮ ವಲಯ ಕಚೇರಿಯ ಎರಡನೇ ಮಹಡಿಯಲ್ಲಿ ಕಟ್ಟಡ ಪರವಾನಗಿಗಳ ಭಾಗ್ಯವಿಧಾತರಾಗಿ ಕುಳಿತಿರುವ ಮಾನ್ಯರೇ,

ನನ್ನ ಮನೆಗೆ ಕಿಟಕಿಗಳೇ ಇಲ್ಲ ಎಂದು ತಾವು ಬರೆದು ಕಳಿಸಿದ್ದೀರಿ. ತಮ್ಮ ಹಿಂಬರಹ ಕೈಸೇರಿತು. ಓದಿದೆ, ಮತ್ತೆ ಓದಿದೆ, ಕನ್ನಡಕ ಒರೆಸಿಕೊಂಡು ಮೂರನೇ ಸಲವೂ ಓದಿದೆ. ಹಳೆಯ ಮೂರು ಕಿಟಕಿಗಳನ್ನು ತೆಗೆದು ಹೊಸ ಮೂರು ಕಿಟಕಿಗಳನ್ನು ಕೂರಿಸಲು ಅನುಮತಿ ಕೊಡಿ ಎಂದು ನಾನು ಡಿಸೆಂಬರ್ ಒಂಬತ್ತರಂದು ಕೊಟ್ಟ ಅರ್ಜಿಗೆ ತಾವು ಏಪ್ರಿಲ್ ತಿಂಗಳ ನಡುವಿನಲ್ಲಿ ದಯಪಾಲಿಸಿರುವ ಉತ್ತರವನ್ನು ಈ ಬಹಿರಂಗ ಪತ್ರದ ಓದುಗರಿಗೂ ತಿಳಿಸುತ್ತೇನೆ, ಅವರೂ ಪಾವನರಾಗಲಿ: "ಸ್ಥಳ ಪರಿಶೀಲನಾ ಕಾಲದಲ್ಲಿ ಸದರಿ ಸ್ವತ್ತಿನಲ್ಲಿ ಯಾವುದೇ ಕಿಟಕಿಗಳು ಕಂಡುಬಂದಿರುವುದಿಲ್ಲ. ಅಸ್ತಿತ್ವದಲ್ಲಿಲ್ಲದ ಕಿಟಕಿಗಳನ್ನು ಬದಲಾಯಿಸುವ ಪ್ರಶ್ನೆ ಉದ್ಭವಿಸದ ಕಾರಣ ಅರ್ಜಿಯನ್ನು ವಿಲೇವಾರಿ ಮಾಡಲಾಗಿದೆ." ಕೆಳಗೆ ಹಸಿರು ಇಂಕಿನಲ್ಲಿ ತಮ್ಮ ಸಹಿ, ಪಕ್ಕದಲ್ಲಿ ದುಂಡನೆಯ ಮೊಹರು. ನನ್ನ ಮುಖ ನೋಡಿ ನನ್ನ ಹೆಂಡತಿ ಪದ್ಮಾವತಿ ಒಳಗಿನಿಂದ ಓಡಿಬಂದು, "ಯಾರಿಗೇನಾಯ್ತ್ರೀ?" ಅಂದಳು. ಯಾರಿಗೂ ಏನೂ ಆಗಿಲ್ಲ ಕಣೇ, ಸರ್ಕಾರಕ್ಕೆ ಬುದ್ಧಿ ಜಾಸ್ತಿ ಆಗಿದೆ ಅಷ್ಟೇ, ಅಂದೆ.

ಆ ಕಿಟಕಿಗಳು ಯಾಕಿರಲಿಲ್ಲ, ಮಾನ್ಯರೇ? ಅವು ಎಲ್ಲಿ ಹೋದವು, ಯಾರ ಮಾತು ಕೇಳಿ ಹೋದವು, ಹೊಸವು ಬಾಗಿಲವರೆಗೂ ಬಂದು ಯಾರ ಬಾಯಿಮಾತಿಗೆ ವಾಪಸ್ ಹೋದವು? ಇದೆಲ್ಲ ತಮ್ಮ ಕಡತದಲ್ಲೇ ಇದೆ. ಆದರೆ ತಮ್ಮಲ್ಲಿ ಕಡತಗಳನ್ನು ಕಟ್ಟುವವರು ಬೇರೆ, ಹೊರುವವರು ಬೇರೆ, ಸಹಿ ಹಾಕುವವರು ಬೇರೆ. ಓದುವ ಹುದ್ದೆ ಮಾತ್ರ ಮಂಜೂರಾಗಿಲ್ಲ ಅಂತ ಕಾಣುತ್ತದೆ. ಆದ್ದರಿಂದ ನಾನೇ ಹೇಳುತ್ತೇನೆ, ಊರವರೆಲ್ಲ ಕೇಳುವ ಹಾಗೆ.

ನನ್ನ ಹೆಸರು ಮುನೀಂದ್ರ. ಪೀಣ್ಯದ ಒಂದು ಟೂಲ್‌ರೂಮಿನಲ್ಲಿ ಮೂವತ್ತೊಂದು ವರ್ಷದಿಂದ ತಪಾಸಣೆಯ ಕೆಲಸ. ಲೇತ್‌ನಿಂದ, ಮಿಲ್ಲಿಂಗ್‌ನಿಂದ ಇಳಿದು ಬರುವ ಪ್ರತಿ ಬಿಡಿಭಾಗವನ್ನು ಅಳೆದು, ಸರಿಯಿದ್ದರೆ ಸಹಿ ಹಾಕುವುದು, ಇಲ್ಲದಿದ್ದರೆ ಕೆಂಪು ಡಬ್ಬಿಗೆ ಹಾಕುವುದು. ನಕ್ಷೆಯಲ್ಲಿ ಇದ್ದದ್ದಕ್ಕಿಂತ ಕೂದಲೆಳೆಯಷ್ಟು ವ್ಯತ್ಯಾಸ ಮಾಡಬೇಕಿದ್ದರೂ ನಮ್ಮಲ್ಲಿ ಮೊದಲು ಒಂದು ಚೀಟಿ ಬರೆದು ಮೇಲಿನವರ ಒಪ್ಪಿಗೆ ಪಡೆಯಬೇಕು. ಒಪ್ಪಿಗೆ ಬರುವ ತನಕ ಯಾರೂ ಮೆಷಿನ್ ಮುಟ್ಟುವುದಿಲ್ಲ. ಈ ಅಭ್ಯಾಸ ನನ್ನ ರಕ್ತಕ್ಕೇ ಇಳಿದುಬಿಟ್ಟಿದೆ. ಅದೇ ನನಗೆ ಮುಳುವಾದದ್ದು.

ಯಾಕೆಂದರೆ ರಾಜಗೋಪಾಲನಗರದ ನಮ್ಮ ಬೀದಿಯಲ್ಲಿ ಹನ್ನೊಂದು ಮನೆಯವರು ಕಿಟಕಿ ಬದಲಾಯಿಸಿಕೊಂಡಿದ್ದಾರೆ. ಒಬ್ಬರೂ ತಮ್ಮ ಕಚೇರಿಯ ಮೆಟ್ಟಿಲು ಹತ್ತಿಲ್ಲ. ಎದುರು ಮನೆಯ ಕೃಷ್ಣ ಬೆಳಗ್ಗೆ ತಿಂಡಿ ಹೊತ್ತಿಗೆ ಹಳೆಯದನ್ನು ಕೀಳಿಸಿ ಸಂಜೆ ಕಾಫಿ ಹೊತ್ತಿಗೆ ಹೊಸದರ ಮುಂದೆ ಕೂತಿದ್ದ. ನಾನು ಅರ್ಜಿ ಬರೆಯುತ್ತಿದ್ದದ್ದು ನೋಡಿ, "ಅಣ್ಣಾ, ಕಿಟಕಿಗೆಲ್ಲಾ ಯಾರಾದ್ರೂ ಪರ್ಮಿಶನ್ ಕೇಳ್ತಾರಾ? ನಾಳೆ ಕನ್ನಡಿ ಮುಂದೆ ನಿಂತ್ಕೊಂಡು ತಲೆ ಬಾಚೋಕೂ ಕೇಳ್ತೀಯಾ?" ಎಂದು ನಕ್ಕ. ನಾನು ಅವನಿಗೆ ಕಾನೂನು, ಶಿಸ್ತು, ನಾಗರಿಕನ ಕರ್ತವ್ಯ ಎಂದೆಲ್ಲ ಅರ್ಧ ಗಂಟೆ ಕೊರೆದೆ. ಈಗ ಅವನು ಎದುರಾದರೆ ನಾನು ಆ ಕಡೆ ಫುಟ್‌ಪಾತಿಗೆ ದಾಟುತ್ತೇನೆ. ಕಾನೂನು ಮುರಿದವನು ತಲೆಯೆತ್ತಿ ಓಡಾಡುತ್ತಾನೆ, ಕಾನೂನು ಕೇಳಲು ಹೋದವನು ಮುಖ ಮರೆಸಿಕೊಂಡು ಓಡಾಡುತ್ತಾನೆ. ಈ ವ್ಯವಸ್ಥೆಯನ್ನು ಕಟ್ಟಿ ನಿಲ್ಲಿಸಲು ತಾವು ಪಟ್ಟಿರುವ ಶ್ರಮ ಸಣ್ಣದಲ್ಲ.

ಮನೆ ನಮ್ಮ ತಂದೆ ಚಿಕ್ಕಮುನಿಯಪ್ಪನವರು ಕಟ್ಟಿದ್ದು. ಆಗ ಇದು ಪಂಚಾಯ್ತಿ, ಸುತ್ತ ನಮ್ಮದೇ ರಾಗಿ ಹೊಲ. ಒಂದು ಹಾಲು, ಒಂದು ಕೋಣೆ, ಅಡುಗೆಮನೆ, ಹಿಂದೆ ಬಾಡಿಗೆಗೆಂದು ಆಮೇಲೆ ಸೇರಿಸಿದ ಒಂದು ರೂಮು. ಹಾಲಿಗೆ ಎರಡು ಕಿಟಕಿ, ಕೋಣೆಗೆ ಒಂದು, ಮೂರೂ ಪಡುವಣಕ್ಕೆ. ಹೊಲ ಇದ್ದಾಗ ಆ ಕಡೆಯಿಂದ ಗಾಳಿ ಬರುತ್ತಿತ್ತು. ಹೊಲ ಮಾರಿಹೋಗಿ ಈಗ ಅಲ್ಲಿ ಯಾರದೋ ತಗಡಿನ ಶೆಡ್ಡು ಎದ್ದಿದೆ. ಸ್ಟೀಲ್ ಸಾಮಾನಿಗೆ ಪಾಲಿಶ್ ಹಿಡಿಯುವ ಬಫಿಂಗ್ ಕೆಲಸ. ಆ ಶೆಡ್ಡಿನ ದೊಡ್ಡ ಫ್ಯಾನು ನಮ್ಮ ಗೋಡೆಗೇ ಮುಖ ಮಾಡಿ ಬೆಳಗ್ಗೆ ಒಂಬತ್ತರಿಂದ ಕರೀ ಧೂಳು ಉಗಿಯುತ್ತದೆ. ತಟ್ಟೆಗೆ ಅನ್ನ ಬಡಿಸಿ ಸಾರು ತರಲು ಹೋಗಿ ಬರುವಷ್ಟರಲ್ಲಿ ಎಳ್ಳು ಉದುರಿಸಿದ ಹಾಗೆ ಆಗಿರುತ್ತದೆ. ನಮ್ಮ ಕಿಟಕಿಗಳೋ, ಗೆದ್ದಲು ತಿಂದು ಚೌಕಟ್ಟು ಟೊಳ್ಳಾಗಿ, ಬಾಗಿಲು ಸೊಟ್ಟಗಾಗಿ, ಎಷ್ಟು ಎಳೆದರೂ ಎರಡು ಬೆರಳು ಸಂದಿ ಬಿಡುತ್ತಿದ್ದವು. ಆ ಸಂದಿಗೆ ಹಳೇ ಸೀರೆ ತುರುಕಿಕೊಂಡು ನಾವು ಕಾಲ ಹಾಕುತ್ತಿದ್ದೆವು.

ನಾವಿಬ್ಬರೇ ಆಗಿದ್ದರೆ ಹಾಗೇ ಹಾಕುತ್ತಿದ್ದೆವೇನೋ. ಆದರೆ ನನ್ನ ಒಬ್ಬಳೇ ಮಗಳು ವೇಣಿ ಬಸುರಿಯಾದಳು. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕು, ಇದನ್ನು ತಮಗೆ ಹೇಳಿಕೊಡಬೇಕಾಗಿಲ್ಲ, ತಾವೂ ಯಾವುದೋ ಬಾಣಂತಿ ಕೋಣೆಯ ಬೆಚ್ಚಗಿನ ಮೂಲೆಯಲ್ಲಿ ಸಾಂಬ್ರಾಣಿ ಹೊಗೆ ಹಾಕಿಸಿಕೊಂಡೇ ಬೆಳೆದವರು. ಬಾಣಂತಿಗೆ ಗಾಳಿ ಬಡಿಯಬಾರದು, ಕಿವಿಗೆ ಬಟ್ಟೆ ಕಟ್ಟಬೇಕು, ಕೂಸಿನ ಕೋಣೆ ಮುಚ್ಚಿರಬೇಕು. ಸೀಮಂತ ಮುಗಿದ ದಿನವೇ ಪದ್ಮಾವತಿ ನನ್ನನ್ನು ಹಿಡಿದು ನಿಲ್ಲಿಸಿದಳು. "ನೋಡ್ರೀ, ಆ ಕರೀ ಧೂಳಲ್ಲಿ ಹಸುಗೂಸನ್ನ ಮಲಗಿಸೋಕೆ ನನ್ ಕೈಲಾಗಲ್ಲ. ಕಿಟಕಿ ಮಾಡಿಸ್ತೀರೋ, ಇಲ್ಲಾ ಬೀಗರಿಗೆ ಫೋನ್ ಮಾಡಿ ನಮ್ ಕೈಲಿ ಬಾಣಂತನ ಆಗಲ್ಲ ಅಂತ ನೀವೇ ಹೇಳ್ತೀರೋ?" ಹೆಣ್ಣು ಹೆತ್ತವರು ಆ ಫೋನ್ ಮಾಡುವುದಕ್ಕಿಂತ ಮನೆ ಮಾರುವುದು ಸುಲಭ. ಕಿಟಕಿ ಮಾಡಿಸುತ್ತೇನೆ ಎಂದೆ. ಮಾಡಿಸುವ ಮೊದಲು ಒಪ್ಪಿಗೆ ತರುತ್ತೇನೆ ಎಂದೂ ಅಂದೆ, ಆ ಮಾತು ನನ್ನ ಬಾಯಿಂದ ಬಂದ ಗಳಿಗೆಗೆ ಬೆಂಕಿ ಹಾಕ.

ಅರ್ಜಿಯ ಜೊತೆ ನಕ್ಷೆ ಇರಬೇಕು ಎಂದಿತ್ತು. ಬೇರೆಯವರು ಯಾರನ್ನೋ ಹಿಡಿದು ಒಂದು ಚೌಕ ಗೀಚಿಸಿ ಕೊಡುತ್ತಾರಂತೆ. ನಾನು ನನ್ನ ಕೈಯಾರೆ ಅಳೆದೆ. ಒಂದೊಂದು ಕಿಟಕಿಯನ್ನೂ ಮೇಲೆ, ನಡುವೆ, ಕೆಳಗೆ ಅಂತ ಮೂರು ಕಡೆ ಅಳೆದು, ಮಿಲಿಮೀಟರಿನಲ್ಲಿ ಬರೆದು, ನಮ್ಮ ವೃತ್ತಿಯ ಪದ್ಧತಿಯಂತೆ ಪ್ರತಿ ಅಳತೆಯ ಮುಂದೆ ಪ್ಲಸ್ ಮೈನಸ್ ಅರ್ಧ ಮಿಲಿಮೀಟರ್ ಎಂದು ಗುರುತು ಹಾಕಿದೆ. ಯಾವ ಅಳತೆಯೂ ದೇವರಾಣೆಗೂ ಕರಾರುವಾಕ್ಕಲ್ಲ, ಇಷ್ಟು ಆ ಕಡೆ ಈ ಕಡೆ ಇರಬಹುದು ಎಂಬ ಪ್ರಾಮಾಣಿಕತೆಯ ಗುರುತು ಅದು. ಪೀಣ್ಯದಲ್ಲಿ ಹತ್ತನೇ ಕ್ಲಾಸು ಫೇಲಾಗಿ ಲೇತ್ ಮುಂದೆ ನಿಂತವನಿಗೂ ಅದು ಮೊದಲ ವಾರದಲ್ಲೇ ಗೊತ್ತಾಗುತ್ತದೆ. ಅಂದ ಹಾಗೆ ಆ ನಕ್ಷೆ ಚೆನ್ನಾಗಿ ಬಂದಿತ್ತು, ನಮ್ಮ ಕಂಪನಿಯಲ್ಲಾಗಿದ್ದರೆ ಗೋಡೆಗೆ ಅಂಟಿಸುತ್ತಿದ್ದರು.

ಜನವರಿ ಆರಕ್ಕೆ ತಮ್ಮ ಕಚೇರಿಯಿಂದ ಆಕ್ಷೇಪಣೆ ಬಂತು: "ಅರ್ಜಿದಾರರು ಪ್ರತಿ ಕಿಟಕಿಗೂ ಎರಡೆರಡು ಅಳತೆ ನಮೂದಿಸಿದ್ದು, ವಿರೋಧಾಭಾಸದಿಂದ ಕೂಡಿರುತ್ತದೆ." ಕೌಂಟರಿನ ಮೇಡಂ ಹತ್ತಿರ ಹೋಗಿ ವಿವರಿಸಿದೆ. ಅವರು ನನ್ನನ್ನು ತಾವು ಕೂರುವ ಎರಡನೇ ಮಹಡಿಯ ಕೊಠಡಿಗೆ ಕಳಿಸಿದರು. ತಮಗೆ ನೆನಪಿರಲಾರದು, ಚಪಾತಿ ಡಬ್ಬಿ ಮುಚ್ಚುತ್ತಿದ್ದಿರಿ. ನಾನು ನಿಂತುಕೊಂಡೇ ಮತ್ತೊಮ್ಮೆ ವಿವರಿಸಿದೆ. ತಾವು ಪೂರ್ತಿ ಕೇಳಿಸಿಕೊಂಡು, "ನೋಡ್ರೀ, ಪ್ಲಸ್ಸೋ ಮೈನಸ್ಸೋ, ಮನೇಲಿ ಕೂತು ಒಂದ್ ತೀರ್ಮಾನ ಮಾಡ್ಕೊಂಡ್ ಬನ್ನಿ. ಇಲ್ಲಿ ಬಂದು ನಮಗೆ ಕನ್‌ಫ್ಯೂಸ್ ಮಾಡ್ಬೇಡಿ," ಎಂದಿರಿ. ಸಿವಿಲ್ ಇಂಜಿನಿಯರ್ ಎಂಬ ಪದವಿ ತಮ್ಮ ಬಾಗಿಲಿನ ಫಲಕದ ಮೇಲೆ ಹಿತ್ತಾಳೆಯಲ್ಲಿ ಹೊಳೆಯುತ್ತಿತ್ತು. ನಾನು ಮೂವತ್ತೊಂದು ವರ್ಷದಲ್ಲಿ ಎಷ್ಟೋ ಕೆಟ್ಟ ಸಾಮಾನನ್ನು ಕೆಂಪು ಡಬ್ಬಿಗೆ ಹಾಕಿದ್ದೇನೆ, ಆ ದಿನ ಆದಷ್ಟು ಕೈ ತುರಿಕೆ ಯಾವತ್ತೂ ಆಗಿರಲಿಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ. ಪಂಚಾಯ್ತಿ ಕಾಲದ ನಕ್ಷೆಯಲ್ಲಿ ಕಿಟಕಿ ನಾಲ್ಕು ಅಡಿ ಎಂದಿದೆ. ನನ್ನ ಅಳತೆಯ ಪ್ರಕಾರ ಅದು ನಾಲ್ಕು ಅಡಿಗೆ ಐದು ಮಿಲಿಮೀಟರ್ ಕಮ್ಮಿ. ನಲವತ್ತು ವರ್ಷದ ಕೆಳಗೆ ಊರ ಬಡಗಿ ಉಳಿ ಹಿಡಿದು ಮಾಡಿದ ಚೌಕಟ್ಟು, ಐದು ಮಿಲಿಮೀಟರ್ ಅಂದರೆ ಒಂದು ಕಡಲೆ ಬೀಜದ ದಪ್ಪ. ತಾವು ಅದನ್ನು "ಮಂಜೂರಾದ ನಕ್ಷೆಯ ಉಲ್ಲಂಘನೆ, ಅರ್ಜಿದಾರರೇ ಒಪ್ಪಿಕೊಂಡಿರುತ್ತಾರೆ" ಎಂದು ಬರೆದಿರಿ. ಹೌದು ಸ್ವಾಮಿ, ಒಪ್ಪಿಕೊಂಡೆ. ಅಳೆದವನು ಅಳತೆ ಮುಚ್ಚಿಡಬಾರದು ಅಂತ ನನಗೆ ಕಲಿಸಿದ್ದಾರೆ. ನಮ್ಮ ಬೀದಿಯ ಕೊನೆಯಲ್ಲಿ ಎರಡು ಮಹಡಿಗೆ ಅನುಮತಿ ಪಡೆದು ಐದು ಮಹಡಿ ಎಬ್ಬಿಸಿ, ಮೇಲೆ ತಗಡಿನ ರೂಮು ಹಾಕಿ ಪಿಜಿ ನಡೆಸುತ್ತಿರುವ ಮಹನೀಯರೊಬ್ಬರಿದ್ದಾರೆ. ಆ ಮೂರು ಮಹಡಿಗಳು ತಮ್ಮ ಕಣ್ಣಿಗೆ ಬೀಳಲಿಲ್ಲ. ನನ್ನ ಕಡಲೆ ಬೀಜ ಬಿತ್ತು. ತಮ್ಮ ಕಣ್ಣಿನ ಡಾಕ್ಟರ್ ಯಾರು ಎಂದು ತಿಳಿಯುವ ಕುತೂಹಲ ನನಗಿದೆ.

ಪ್ಲಸ್ಸು ಮೈನಸ್ಸು ಅಳಿಸಿ, ತಪ್ಪೊಪ್ಪಿಗೆ ಬರೆದುಕೊಟ್ಟು, ಜನವರಿ ಹದಿಮೂರಕ್ಕೆ ಅದೇ ಅರ್ಜಿಯನ್ನು ತಿದ್ದಿ ಮತ್ತೆ ಕೊಟ್ಟೆ. ಮೂವತ್ತು ದಿನ ಕಾದೆ. ಮಗಳಿಗೆ ಒಂಬತ್ತು ತುಂಬುತ್ತಿತ್ತು. ಕೌಂಟರಿಗೆ ಹೋದಾಗ ಮೇಡಂ ಬಹಳ ಒಳ್ಳೆಯ ಧ್ವನಿಯಲ್ಲಿ, "ಮೂವತ್ ದಿನ ಆಯ್ತಲ್ಲಾ ಸಾರ್, ಅಬ್ಜೆಕ್ಷನ್ ಏನೂ ಇಲ್ಲ ಅಂತ್ಲೇ ಅರ್ಥ. ಶುರು ಮಾಡ್ಕೊಳ್ಳಿ, ಆರ್ಡರ್ ಆಮೇಲೆ ಬರತ್ತೆ," ಅಂದರು. ಬರವಣಿಗೆಯಲ್ಲಿ ಕೊಡಿ ಮೇಡಂ ಅಂದೆ. ಅವರು ನಕ್ಕರು. ಆ ನಗು ನೋಡಿಯಾದರೂ ನನಗೆ ಬುದ್ಧಿ ಬರಬೇಕಿತ್ತು.

ಫೆಬ್ರವರಿ ಹತ್ತೊಂಬತ್ತರಂದು ಬಡಗಿ ಇರಣ್ಣ ಬಂದು ಮೂರೂ ಕಿಟಕಿ ಕಿತ್ತ. ಕಿತ್ತದ್ದೂ ಅಲ್ಲ, ಗಡಾರಿ ತಾಗಿಸಿದ್ದೇ ತಡ, ನೆನೆದ ರಸ್ಕಿನ ಹಾಗೆ ಉದುರಿದವು. ಮತ್ತೆ ಕೂರಿಸುವ ಪ್ರಶ್ನೆಯೇ ಇರಲಿಲ್ಲ. ಬಾಗಲಗುಂಟೆಯಲ್ಲಿ ಮಾಡಿಸಿದ್ದ ಹೊಸ ಅಲ್ಯೂಮಿನಿಯಂ ಕಿಟಕಿಗಳನ್ನು ಹೊತ್ತ ಟೆಂಪೋ ಹನ್ನೊಂದೂವರೆಗೆ ಗೇಟಿನ ಮುಂದೆ ನಿಂತಿತು. ಅದರ ಹಿಂದೆಯೇ ಬೈಕಿನಲ್ಲಿ ತಮ್ಮ ಇನ್ಸ್‌ಪೆಕ್ಟರ್ ಬಂದರು. ಎರಡೂವರೆ ತಿಂಗಳು ಬಾರದ ಸ್ಥಳ ಪರಿಶೀಲನೆ ಎಂಥ ಮುಹೂರ್ತ ಹುಡುಕಿಕೊಂಡು ಬಂತು ನೋಡಿ! "ಆರ್ಡರ್ ಎಲ್ರೀ?" ಅಂದರು. ಕೌಂಟರಿನಲ್ಲಿ ಹೇಳಿದರು ಅಂದೆ. "ಬಾಯಲ್ಲಿ ಹೇಳಿದ್ದೆಲ್ಲಾ ಆರ್ಡರಾಗುತ್ತಾ?" ಅಂದರು. ಕಿಟಕಿಯಿಲ್ಲದ ಮೂರು ತೂತುಗಳ ಫೋಟೋ ಹೊಡೆದುಕೊಂಡರು. ಟೆಂಪೋದಿಂದ ಒಂದು ಗಾಜೂ ಇಳಿಸಕೂಡದೆಂದು ಕೆಲಸ ನಿಲ್ಲಿಸುವ ನೋಟಿಸ್ ಬರೆದರು. ಪಕ್ಕದ ಶೆಡ್ಡಿನ ಮೋಟಾರು ಸದ್ದಿಗೆ ಅವರ ಮಾತು ನನಗೆ ಕೇಳಿಸದೆ ಎರಡೆರಡು ಸಲ ಕೂಗಬೇಕಾಯಿತು, ಬರೆಯುವಾಗ ಎರಡು ಸಲ ಕನ್ನಡಕದ ಮೇಲಿನ ಕರೀ ಪುಡಿ ಒರೆಸಿಕೊಂಡರು. ಒರೆಸಿಕೊಂಡು, ನೋಟಿಸಿನ ಮೊದಲ ಸಾಲಿನಲ್ಲಿ ಸುತ್ತಮುತ್ತಲ ಪ್ರದೇಶ: ವಸತಿ, ಎಂದು ತುಂಬಿದರು. ಟೆಂಪೋದವನು ಕಿಟಕಿಗಳನ್ನು ಬಾಗಲಗುಂಟೆಗೆ ವಾಪಸ್ ಒಯ್ದ.

ಆ ಫೋಟೋಗಳನ್ನು ನೋಡಿ ತಾವು ನನ್ನ ಮನೆಗೆ ಕಿಟಕಿಗಳೇ ಇಲ್ಲವೆಂದು ತೀರ್ಮಾನಿಸಿದಿರಿ. ಹಲ್ಲು ಕಿತ್ತು ಬಾಯಿಗೆ ಹತ್ತಿ ಇಟ್ಟು, ಇವನಿಗೆ ಹಲ್ಲು ಇದ್ದ ಬಗ್ಗೆ ದಾಖಲೆ ಕಂಡುಬರುವುದಿಲ್ಲ ಎಂದು ಬರೆಯುವ ಡಾಕ್ಟರನ್ನು ನಾನು ಇನ್ನೂ ನೋಡಿಲ್ಲ. ತಮ್ಮ ಇಲಾಖೆಯಿಂದ ಯಾರಾದರೂ ಆ ಕಡೆ ವರ್ಗವಾದರೆ ನೋಡಬಹುದು.

ತೂತುಗಳಿಗೆ ಪ್ಲೈವುಡ್ ಹೊಡೆದೆವು. ಮೂರನೇ ದಿನ ಇನ್ಸ್‌ಪೆಕ್ಟರ್ ಮತ್ತೆ ಬಂದು, ಅನುಮತಿಯಿಲ್ಲದೆ ಗೋಡೆಯ ತೆರಪು ಮುಚ್ಚುವುದೂ ಕಟ್ಟಡ ಮಾರ್ಪಾಡೇ ಎಂದು ಅದನ್ನೂ ತೆಗೆಸಿದರು. "ಹಂಗಾದ್ರೆ ಏನ್ ಮಾಡ್ಲಿ ಸಾರ್, ನಾನೇ ಅಡ್ಡ ನಿಂತ್ಕೊಳ್ಳಾ?" ಅಂದೆ. ಅವರಿಗೂ ಪಾಪ ಅನ್ನಿಸಿತೋ ಏನೋ, "ಫ್ಲೆಕ್ಸ್ ಕಟ್ಕೊಳ್ರೀ, ಫ್ಲೆಕ್ಸು ಕನ್‌ಸ್ಟ್ರಕ್ಷನ್ ಅಲ್ಲ," ಅಂದರು. ಕೃಷ್ಣ ಎಲ್ಲಿಂದಲೋ ಒಂದು ಫ್ಲೆಕ್ಸ್ ತಂದುಕೊಟ್ಟ. ಯಾವುದೋ ಪಕ್ಷದ ಯಾವುದೋ ಯುವ ನಾಯಕರ ಹುಟ್ಟುಹಬ್ಬದ ಶುಭಾಶಯ. ಅದನ್ನು ಕತ್ತರಿಸಿ ಕಟ್ಟಿದಾಗ ಆ ಮಹಾನುಭಾವರ ಮುಖ ಒಳಗಡೆಗೇ ಬಂತು, ಕೈಮುಗಿದು ನಮ್ಮ ಹಾಲನ್ನೇ ನೋಡುತ್ತಾ. ತುಂಬಿದ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ವೇಣಿ, "ಅಪ್ಪಾ, ಇವ್ರು ನಾವು ಮಲ್ಕೊಂಡಾಗ್ಲೂ ನೋಡ್ತಾನೇ ಇರ್ತಾರಲ್ಲಪ್ಪಾ," ಎಂದು ನಕ್ಕಳು. ಫ್ಲೆಕ್ಸಿನ ನಾಲ್ಕೂ ಕಡೆಯಿಂದ ಧೂಳು ಒಳಗೆ ಬರುತ್ತಲೇ ಇತ್ತು.

ಫೆಬ್ರವರಿ ಇಪ್ಪತ್ತೇಳಕ್ಕೆ ಹೆಣ್ಣು ಕೂಸು ಹುಟ್ಟಿತು. ಮಾರ್ಚ್ ಮೂರಕ್ಕೆ ಆಸ್ಪತ್ರೆಯಿಂದ ಬಿಟ್ಟರು. ಆಟೋದಿಂದ ಇಳಿದು, ಆರತಿ ಎತ್ತಿಸಿಕೊಂಡು, ಕೂಸನ್ನು ಎತ್ತಿಕೊಂಡು ಒಳಗೆ ಬಂದ ನನ್ನ ಮಗಳು ಕೋಣೆಯ ಮಂಚದ ಮೇಲೆ ಕೈಯಾಡಿಸಿ ನೋಡಿದಳು. ಅಂಗೈ ಕರ್ರಗಾಗಿತ್ತು. ಪದ್ಮಾವತಿ ಬೆಳಗ್ಗೆಯಷ್ಟೇ ಎರಡು ಸಲ ಒರೆಸಿದ್ದ ಮಂಚ ಅದು. ವೇಣಿ ಕೂಸನ್ನು ಸೆರಗಿನೊಳಕ್ಕೆ ಎಳೆದುಕೊಂಡು ನಿಂತೇ ಇದ್ದಳು. ನಾನು ಅವಳ ಅಪ್ಪ. ಒಂದು ಹಸುಗೂಸಿಗೆ ಮುಚ್ಚಿದ ಕೋಣೆ ಕೊಡಲಾರದವನು ನಾನು ಎಂಥ ತವರು, ಎಂಥ ಗಂಡಸು ಅನ್ನಿಸಿಬಿಟ್ಟಿತು.

ಆಗ ಹಿತ್ತಲ ಬಾಗಿಲಿನಿಂದ ಶೇಖವ್ವ ಬಂದಳು. ಹಿಂದಿನ ರೂಮಿನಲ್ಲಿ ಬಾಡಿಗೆಗಿರುವ ಗಂಗಪ್ಪನ ಹೆಂಡತಿ. ಕೊಪ್ಪಳದ ಕಡೆಯವರು, ಬಂದು ಎರಡು ವರ್ಷ. ಅವಳು ಗಾರ್ಮೆಂಟ್ಸಿಗೆ ಹೋಗುತ್ತಾಳೆ. ಗಂಗಪ್ಪ ಕೆಲಸ ಮಾಡುವುದು ಇದೇ ಪಕ್ಕದ ಶೆಡ್ಡಿನಲ್ಲಿ, ಅದೇ ಬಫಿಂಗ್ ಚಕ್ರದ ಮುಂದೆ. ಅವರ ರೂಮಿನ ಒಂದೇ ಒಂದು ಕಿಟಕಿ ಶೆಡ್ಡಿಗೆ ಬೆನ್ನು ಹಾಕಿ ಮೂಡಣಕ್ಕಿದೆ, ಗಟ್ಟಿ ಹಲಗೆಯದು. ಶೇಖವ್ವ ಬಾಗಿಲಲ್ಲೇ ನಿಂತು, "ಅಕ್ಕಾರ, ಹಸೀ ಬಾಣಂತಿ ಅದಾಳ, ಕೂಸು ಐತಿ. ನಮ್ಮ ಖೋಲಿ ಕಿಡಕಿ ಗಟ್ಟಿ ಮುಚ್ಚತೈತಿ, ಅಲ್ಲಿ ಮಲಗಸ್ರಿ. ನಾವಿಬ್ರೂ ಇಲ್ಲಿ ಹಾಲಿನ್ಯಾಗ ಬೀಳ್ತೀವಿ," ಅಂದಳು. ಬೇಡಮ್ಮ, ಬಾಡಿಗೆ ಕೊಡೋರು ನೀವು, ಅಂದೆ. "ಬಾಡಿಗಿ ಏನ್ರಿ ಅಣ್ಣಾರ, ಕೂಸಿನ ಮುಂದ?" ಅಂದು, ಒಳಗೆ ಹೋಗಿ ತನ್ನ ಪಾತ್ರೆಗಳನ್ನು ಎತ್ತಿಟ್ಟು ನೆಲ ಸಾರಿಸಲು ಶುರು ಮಾಡಿಯೇಬಿಟ್ಟಳು.

ಹೀಗೆ ಮನೆಯ ಓನರಿನ ಮಗಳು ಬಾಡಿಗೆದಾರರ ರೂಮಿನಲ್ಲಿ ಬಾಣಂತಿಯಾದಳು, ಬಾಡಿಗೆದಾರರು ಓನರಿನ ಹಾಲಿನಲ್ಲಿ ಚಾಪೆ ಹಾಸಿಕೊಂಡರು. ಗಂಗಪ್ಪ ಎಂಟು ತಾಸು ಕುಡಿದ ಧೂಳನ್ನೇ ಮನೆಗೆ ಬಂದೂ ಕುಡಿಯಬೇಕು. ನಾನು ಒಂದು ದಿನ ಅವನನ್ನು ಕೂರಿಸಿಕೊಂಡು, ನನಗೆ ಮುಖ ಎತ್ತೋಕಾಗ್ತಿಲ್ಲ ಗಂಗಪ್ಪ, ಅಂದೆ. ಅವನು ಕೆಮ್ಮಿ, ಗಂಟಲು ಸರಿ ಮಾಡಿಕೊಂಡು, "ಅದಕ್ಕೇನ್ರಿ ಅಣ್ಣಾರ, ನಮಗ ರೂಢಿ ಐತಿ," ಅಂದ. ಆ ಮಾತು ಕೇಳಿದ ಮೇಲೆ ನಾನು ತಮ್ಮ ಕಚೇರಿಗೆ ವಾರಕ್ಕೆ ಎರಡು ಸಲ ಬರಲು ಶುರು ಮಾಡಿದೆ.

ಬಂದಾಗಲೆಲ್ಲ ಬೇರೆ ಬೇರೆ ಉತ್ತರ. ಸಾಹೇಬರು ಮೀಟಿಂಗು. ಸರ್ವರ್ ಡೌನು. ಕಡತ ಕೆಳಗಿದೆ. ಕಡತ ಮೇಲಿದೆ. ಹೊರಗೆ ಟೀ ಅಂಗಡಿಯಲ್ಲಿ ಒಬ್ಬ ದಲ್ಲಾಳಿ ನನ್ನ ಕಥೆ ಕೇಳಿ ಎರಡೂ ಕೈ ತಲೆ ಮೇಲೆ ಇಟ್ಟುಕೊಂಡ. "ಅಲ್ಲಾ ಸಾರ್, ನಿಜವಾದ್ ಅಳತೆ ಯಾಕ್ ಬರೆದ್ರಿ? ನಿಜ ಬರೆದ್ರೆ ಅವ್ರಿಗೆ ಎಲ್ಲಿ ಕೈ ಇಡ್ಬೇಕು ಅಂತ ಗೊತ್ತಾಗೋಗತ್ತೆ!" ತಮ್ಮ ಕಚೇರಿಯ ಬಗ್ಗೆ ಇಷ್ಟು ಚೊಕ್ಕವಾದ ವರದಿಯನ್ನು ಯಾವ ಆಯೋಗವೂ ಕೊಟ್ಟಿರಲಾರದು. ಒಂದು ಸಲ ತಮಗಾಗಿ ಕಾಯುತ್ತಾ ತಮ್ಮ ಕೊಠಡಿಯ ಕಿಟಕಿಯನ್ನೇ ನೋಡಿಕೊಂಡು ಕೂತಿದ್ದೆ. ಹೊಚ್ಚ ಹೊಸದು, ಗಾಜಿನ ಮೇಲಿನ ನೀಲಿ ಪ್ಲಾಸ್ಟಿಕ್ ಹಾಳೆ ಕೂಡ ಇನ್ನೂ ಕಿತ್ತಿರಲಿಲ್ಲ. ಅಭ್ಯಾಸಬಲ, ಕಣ್ಣಲ್ಲೇ ಅಳೆದೆ. ಎಡಗಡೆ ಚೌಕಟ್ಟು ಗೋಡೆಯಿಂದ ಬೆರಳಷ್ಟು ವಾಲಿದೆ, ಮಾನ್ಯರೇ. ಅದಕ್ಕೆ ತಾವು ಯಾರ ಮುಂದೆ ತಪ್ಪೊಪ್ಪಿಗೆ ಬರೆದುಕೊಟ್ಟಿರಿ? ತಮ್ಮ ಕಿಟಕಿ ಕಿತ್ತು ಹಾಕಿದ ದಿನ ಯಾವ ಇನ್ಸ್‌ಪೆಕ್ಟರ್ ಬಂದು ಫೋಟೋ ಹೊಡೆದರು? ತಮಗೂ ಫ್ಲೆಕ್ಸ್ ಕಟ್ಟಿಕೊಂಡು ಕೂರುವ ಭಾಗ್ಯ ಸಿಕ್ಕಿತ್ತೇ?

ಕೊನೆಗೆ ಬಂದದ್ದು ಆ ಹಿಂಬರಹ. ಅದು ಬಂದ ದಿನ ಮನೆಯಲ್ಲಿ ಇನ್ನೊಂದು ಸಂಗತಿ ಆಯಿತು. ತಾವು ಇಷ್ಟು ಹೊತ್ತು ಓದಿದ್ದರೆ ದಯವಿಟ್ಟು ಇದನ್ನೂ ಓದಿ.

ಶೇಖವ್ವ ಕೆಲವು ದಿನದಿಂದ ಬೆಳಗಿನ ಹೊತ್ತು ಏನೂ ತಿನ್ನುತ್ತಿರಲಿಲ್ಲ. ಪದ್ಮಾವತಿ ಬಾಣಂತಿಗೆ ಮಾಡಿದ ಮೆಣಸಿನ ಸಾರು ಕೊಟ್ಟರೆ ವಾಸನೆಗೇ ಎದ್ದು ಹೋಗುತ್ತಿದ್ದಳು. ಅವತ್ತು ಪದ್ಮಾವತಿ ಅವಳನ್ನು ಅಡುಗೆಮನೆಯಲ್ಲಿ ಹಿಡಿದು ಕೇಳಿದಳು. "ನಿಜ ಹೇಳು, ಎಷ್ಟು ತಿಂಗಳು?" ಶೇಖವ್ವ ತಲೆ ತಗ್ಗಿಸಿ, ಮೂರು ಅಂದಳು. ಪದ್ಮಾವತಿ ಅವಳ ಭುಜ ಹಿಡಿದು ಅಲುಗಿಸಿದಳು. "ಅಯ್ಯೋ ಹುಚ್ಚುಮುಂಡೇದೇ, ಬಸುರಿ ಹೆಂಗ್ಸು ಈ ಧೂಳಲ್ಲಿ ಇಷ್ಟು ದಿನ ಬಿದ್ದಿದ್ದೀಯಲ್ಲೇ! ಒಂದ್ ಮಾತು ಹೇಳೋದಲ್ವಾ?" ಎಂದು ಬೈಯುತ್ತಾ ಅಳತೊಡಗಿದಳು. ಶೇಖವ್ವ ಹೇಳಿದ್ದು ನನಗೆ ಹಾಲಿನವರೆಗೂ ಕೇಳಿಸಿತು.

"ಹೇಳಿದ್ರ ನೀವು ನಮ್ಮನ್ನ ಖೋಲಿಗೆ ಕಳಸ್ತಿದ್ರಿ ಅಕ್ಕಾರ, ಆ ಕೂಸನ್ನ ಇಲ್ಲಿಗೆ ತರ್ತಿದ್ರಿ. ಅದು ಹುಟ್ಟಿ ಹೊರಗ ಬಂದೈತಿ, ಉಸಿರಾಡತೈತಿ. ನಂದು ಇನ್ನೂ ಒಳಗ ಐತಿ."

ನನ್ನ ಕೈಯಲ್ಲಿ ತಮ್ಮ ಕಾಗದ ಇತ್ತು.

ಮೂವತ್ತೊಂದು ವರ್ಷ ನಾನು ಒಪ್ಪಿಗೆಯ ಸಹಿಯಿಲ್ಲದೆ ಒಂದು ತಿರುಪನ್ನೂ ಮುಂದಕ್ಕೆ ಬಿಟ್ಟವನಲ್ಲ. ಮರುದಿನ ಬೆಳಗ್ಗೆ ಕೆಲಸಕ್ಕೆ ರಜೆ ಹಾಕಿ ಬಾಗಲಗುಂಟೆಗೆ ಹೋಗಿ ನನ್ನ ಕಿಟಕಿಗಳನ್ನು ತಂದೆ. ಇರಣ್ಣ, ನಾನು, ಗಂಗಪ್ಪ ಸೇರಿ ಮಧ್ಯಾಹ್ನ ಮೂರರೊಳಗೆ ಮೂರನ್ನೂ ಕೂರಿಸಿದೆವು. ಎಲ್ಲರೂ ನೋಡುವ ಹಾಗೆ, ಟಾರ್ಪಾಲಿನ ಮರೆಯೂ ಇಲ್ಲದೆ ಕೂರಿಸಿದೆವು. ಗಾಜು ಎಳೆದು ಮುಚ್ಚಿದಾಗ ಮೋಟಾರಿನ ಸದ್ದು ಅರ್ಧಕ್ಕರ್ಧ ಇಳಿಯಿತು. ನಾಲ್ಕು ಸಲ ಒರೆಸಿದ ಮೇಲೆ ವೇಣಿ ಕೂಸಿನ ಜೊತೆ ತನ್ನ ಕೋಣೆಗೆ ಬಂದಳು. ಶೇಖವ್ವ ತನ್ನ ಖೋಲಿಗೆ ಹೋದಳು. ಗಂಗಪ್ಪನ ಕೆಮ್ಮು ಮಾತ್ರ ಹೋಗಿಲ್ಲ, ಅದಕ್ಕೆ ಕಾರಣವಾದ ಶೆಡ್ಡಿನ ಫ್ಯಾನು ತಮ್ಮ ದಾಖಲೆಯ ವಸತಿ ಪ್ರದೇಶದಲ್ಲಿ ಇವತ್ತೂ ತಿರುಗುತ್ತಿದೆ. ತಮ್ಮಲ್ಲಿ ಒಂದಿಷ್ಟು ಮಾನ ಉಳಿದಿದ್ದರೆ ಮುಂದಿನ ಸ್ಥಳ ಪರಿಶೀಲನೆಯನ್ನು ಆ ಕಡೆಯಿಂದ ಶುರು ಮಾಡಿ.

ಇನ್ನು ನನ್ನ ಅಪರಾಧ. ಅನುಮತಿಯಿಲ್ಲದೆ ಮೂರು ಕಿಟಕಿ ಇಟ್ಟಿದ್ದೇನೆ, ಸಾರ್ವಜನಿಕವಾಗಿ ಒಪ್ಪಿಕೊಂಡಿದ್ದೇನೆ, ಈ ಪತ್ರವೇ ಸಾಕ್ಷಿ. ಈ ತಿಂಗಳು ಮುಗಿಯುವುದರೊಳಗೆ ಅವುಗಳನ್ನು ಇದ್ದ ಹಾಗೇ ಒಪ್ಪಿ ಅನುಮತಿ ಪತ್ರ ಕೊಡಿ ಎಂಬುದು ನನ್ನ ಬೇಡಿಕೆ. ಕೊಡಲಾಗದಿದ್ದರೆ ತೆಗೆಸಲು ಬನ್ನಿ, ನಾನು ಅಡ್ಡ ಬರುವುದಿಲ್ಲ, ಗಡಾರಿ ಕೂಡ ನಾನೇ ಕೊಡುತ್ತೇನೆ. ಆದರೆ ಇನ್ಸ್‌ಪೆಕ್ಟರನ್ನು ಕಳಿಸಬೇಡಿ, ತಾವೇ ಬನ್ನಿ. ಕಿಟಕಿ ಹೋದರೆ ಮತ್ತೆ ಚಾಪೆ ತಗೊಂಡು ಹಾಲಿಗೆ ಬರುತ್ತೇನೆಂದು ಶೇಖವ್ವ ಹೇಳಿದ್ದಾಳೆ. ಬರಬೇಡ ಎಂದು ವೇಣಿ ಅವಳ ಕೈ ಹಿಡಿದುಕೊಂಡಿದ್ದಾಳೆ. ಇಬ್ಬರೂ ಒಂದು ತೀರ್ಮಾನಕ್ಕೆ ಬರುತ್ತಿಲ್ಲ, ನಮಗೂ ತೋಚುತ್ತಿಲ್ಲ. ಮಾನ್ಯರೇ, ತೀರ್ಮಾನ ಮಾಡುವುದೇ ತಮ್ಮ ಕೆಲಸ. ನಮ್ಮ ಹಾಲಿನಲ್ಲಿ ಕೂತು, ಇಬ್ಬರ ಮುಖವನ್ನೂ ನೋಡಿ, ಆ ಧೂಳನ್ನು ಹುಟ್ಟಿದ ಕೂಸು ಕುಡಿಯಬೇಕೋ, ಹುಟ್ಟಬೇಕಾದ ಕೂಸು ಕುಡಿಯಬೇಕೋ ಎಂದು ತಮ್ಮ ಕೈಯಾರೆ ಬರೆದು, ಸಹಿ ಹಾಕಿ ಕೊಡಿ.

ಇಂತಿ,
ಕೇಳದೆಯೇ ಕೂರಿಸಬೇಕಿತ್ತು ಎಂದು ತಡವಾಗಿ ಕಲಿತ,
ಮುನೀಂದ್ರ
ರಾಜಗೋಪಾಲನಗರ